ಇದು ಯಾರಿಗೆ ಹೊದಿಸಾಕ?

ಕಳೆದ ಡಿಸೆಂಬರಿನಲ್ಲಿ ಒಂದು ವಿಚಾರ ಸಂಕಿರಣದಲ್ಲಿ ಕೌದಿಯ ಮೇಲೆ ಪ್ರಬಂಧ ಓದಿದೆ. ನಮ್ಮ ಕಡೆಯ ಹೆಣ್ಣುಮಕ್ಕಳು ಹಳೆಯ ಅರಿವೆಗಳನ್ನು ಕೂಡಿಸಿ ಹೊಲಿಯುವ ಕೌದಿಯನ್ನು ಅವರು ಬರೆಯದೆ ಹೋದ ಆತ್ಮಕಥೆಯಂತೆ ಓದಬಹುದು ಎನ್ನುವುದು ನನ್ನ ವಾದವಾಗಿತ್ತು. ಪರದೆಯ ಮೇಲೆ ನಮ್ಮ ಆಯಿ, ಅಂದರೆ ಅವ್ವನ ತಾಯಿ, ಹೊಲಿದ ಕೌದಿಯ ಆರು ಫೋಟೊ ತೋರಿಸಿದೆ. ಚಪ್ಪಾಳೆ ಬಿತ್ತು. ಚಹಾದ ಹೊತ್ತಿನಲ್ಲಿ ಇಬ್ಬರು ಹಿರಿಯರು ಹುಡುಕಿಕೊಂಡು ಬಂದು, ಮೂರನೆಯ ಫೋಟೊ ಅದ್ಭುತವಾಗಿತ್ತು ಅಂದರು. ಆ ಉಮೇದಿನಲ್ಲೇ ಜೋರಾಪುರ ಪೇಟೆಯ ಮನೆಗೆ ಬಂದು, ಊಟವಾದ ಮೇಲೆ ಆಯಿಯ ಪಕ್ಕ ಕೂತು ಮೊಬೈಲಿನಲ್ಲಿ ಒಂದೊಂದೇ ಸರಿಸಿ ತೋರಿಸಿದೆ.

ಮೂರನೆಯದಕ್ಕೆ ಆಕೆ ನನ್ನ ಕೈ ಹಿಡಿದು ನಿಲ್ಲಿಸಿದಳು.

"ಇದು ಒಳಮೈ ಅಲ್ಲೇನು? ಇದನ್ಯಾಕ ಮಂದಿಗೆ ತೋರಿಸಿದಿ?"

ಒಳಮೈ ಹರಿದಿತ್ತು, ಅದಕ್ಕೇ ನನಗದು ಚೆಂದ ಕಂಡಿತ್ತು. ಹರಿದಲ್ಲಿಂದ ಒಳಗಿನ ಪದರುಗಳು ಕಾಣುತ್ತಿದ್ದವು. 'ನೆನಪಿನ ಪದರುಗಳು' ಎಂದು ಬರೆದಿದ್ದೆ. ಆಯಿ ಬೆರಳಿಟ್ಟು ತೋರಿಸಿದಳು: "ಈ ತ್ಯಾಪಿ ನನ್ನ ಪರಕರದ್ದು. ಇದು ನಿಮ್ಮ ಮುತ್ಯಾನ ಧೋತರ. ಎಷ್ಟು ಮಂದಿ ಗಂಡಸರು ಕುಂತಿದ್ರು ಅಲ್ಲಿ?" ನಾನು ಉತ್ತರ ಕೊಡಲಿಲ್ಲ. ಆಕೆ ಮಗ್ಗುಲು ಬದಲಿಸಿ ಮಲಗಿದಳು.

ಆ ಫೋಟೊಗಳನ್ನು ತೆಗೆದದ್ದು ಒಂದು ಮಧ್ಯಾಹ್ನ, ಆಕೆ ನಿದ್ದೆಹೋಗಿದ್ದಾಗ. ಕೇಳಿರಲಿಲ್ಲ. ಇದೇ ಕೆಲಸಕ್ಕೆ ತಿಕೋಟಾ, ಬಬಲೇಶ್ವರದ ಹಳ್ಳಿಗಳಿಗೆ ಹೋದಾಗ ಪ್ರತಿಯೊಬ್ಬ ಹೆಣ್ಣುಮಗಳಿಗೂ ಒಪ್ಪಿಗೆ ಪತ್ರ ಓದಿ ಹೇಳಿ, ಸಹಿಯೋ ಹೆಬ್ಬೆಟ್ಟೋ ತೆಗೆದುಕೊಂಡಿದ್ದೆ. ನಮ್ಮ ಮನೆಯೊಳಗಿನ ಕೌದಿಗೆ ಒಪ್ಪಿಗೆ ಬೇಕಾದೀತು ಎಂದು ಹೊಳೆಯಲೇ ಇಲ್ಲ. ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದ ಅವ್ವನಿಗೆ ಕೇಳುವಂತೆ ಆಯಿ ಅಂದಳು: "ಹೊದೆಯಾಕ ಇರಲಿಲ್ಲ, ಥಂಡಿ ಇತ್ತು, ಹೊಲದ್ವಿ. ಅದರಾಗ ಬರಿಯೂದು ಏನೈತಿ?" ಅಂದು ಸಂಜೆ ಪ್ರಬಂಧವನ್ನು ತೆರೆದು ಹುಡುಕಿದೆ. 'ಆನಂದ' ಎಂಬ ಪದ ಹದಿನಾಲ್ಕು ಸಲ ಬಂದಿತ್ತು. 'ಥಂಡಿ'ಯೂ ಇರಲಿಲ್ಲ, 'ಚಳಿ'ಯೂ ಇರಲಿಲ್ಲ.

ಆವತ್ತಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಬೇರೆಯವರು ಗತಿಯಿಲ್ಲದೆ ಮಾಡಿದ ಕೆಲಸದಲ್ಲಿ ನಾವು ಸುಖವನ್ನು ಕಾಣುವುದು ಸರಿಯೆ? ಅವರ ಪರವಾಗಿ 'ಅವರು ಸುಖಪಟ್ಟರು' ಎಂದು ಬರೆಯಲು ನನಗೆ ಯಾವ ಅಧಿಕಾರ?

ಕೌದಿ ಹೊಲಿದವರನ್ನು ನೋಡದವರಿಗಾಗಿ ಸ್ವಲ್ಪ ಹೇಳಬೇಕು. ಉಟ್ಟು ಸವೆದ ಇಳಕಲ್ ಸೀರೆ, ಧೋತರ, ಕುಬಸದ ಖಣ, ಮಕ್ಕಳ ಅಂಗಿ ಇವೆಲ್ಲ ಗಂಟಿನಲ್ಲಿ ಕಟ್ಟಿ ಅಟ್ಟದ ಮೇಲೆ ವರ್ಷಗಟ್ಟಲೆ ಇರುತ್ತವೆ. ಹೊಲಿಯುವ ಮುಂಚೆ ಒಗೆದು ಬಿಸಿಲಿಗೆ ಹಾಕುತ್ತಾರೆ. ಗುಂಡಿ, ಕಾಜು, ದಪ್ಪ ಅಂಚುಗಳನ್ನು ಕತ್ತರಿಸಿ ತೆಗೆಯುತ್ತಾರೆ, ಇಲ್ಲವಾದರೆ ಮೈಗೆ ಚುಚ್ಚುತ್ತದೆ. ಆಮೇಲೆ ನೆಲದ ಮೇಲೆ ಒಂದು ಸೀರೆಯನ್ನು ಸುಕ್ಕಿಲ್ಲದೆ ಹಾಸಿ, ಅದರ ಮೇಲೆ ಪದರು ಪದರಾಗಿ ಅರಿವೆ ಹರಡಿ, ಜರುಗದಂತೆ ಮೂಲೆಗೆ ಕಲ್ಲೋ ತಂಬಿಗೆಯೋ ಇಟ್ಟು, ಉದ್ದನೆಯ ಕಚ್ಚಾ ಟಾಕಿ ಹಾಕುತ್ತಾರೆ. ಮೇಲೆ ಬಣ್ಣದ ತ್ಯಾಪೆಗಳು. ನಿಜವಾದ ಹೊಲಿಗೆ ಶುರುವಾಗುವುದು ಅಲ್ಲಿಂದ: ಅಂಚು ಹಿಡಿದು ಒಂದು ಸುತ್ತು, ಅದರ ಒಳಗೆ ಇನ್ನೊಂದು, ಹೀಗೆ ನಡುವಿನ ತನಕ. ಇಬ್ಬರು ಮೂವರು ಎದುರುಬದುರು ಕೂತು ತಮ್ಮ ತಮ್ಮ ಮಗ್ಗಲಿನಿಂದ ಹೊಲಿಯುತ್ತ ಬಂದರೆ ನಡುವೆ ಕೂಡುತ್ತಾರೆ. ಮುಗಿದ ಕೌದಿ ಭಾರ, ತೊಯ್ದರೆ ಇಬ್ಬರು ಹಿಂಡಬೇಕು. ಮಾನವಮಿಗೆ ಮುಂಚೆ ಮನೆಯ ಹಾಸಿಗೆಯನ್ನೆಲ್ಲ ಒಗೆಯುವ ದಿನ ಅವ್ವನ ಸೊಂಟ ಹೋಗುವುದು ಕೌದಿಗಳಿಂದಲೇ.

ಆಯಿಯ ಹಳೆಯ ಕೌದಿಗಳಲ್ಲಿ ಒಂದು ತೊಟ್ಟಿಲಿನದು. ಅದನ್ನು ಹೊಲಿದದ್ದು 1972ರ ಬರದಲ್ಲಿ, ಅವ್ವ ಹುಟ್ಟಿದ ವರ್ಷ. ಬಬಲೇಶ್ವರದ ಕಡೆ ಆಕೆಯ ಹಳ್ಳಿಯ ಮಂದಿಯೆಲ್ಲ ಬರಗಾಲದ ಕಾಮಗಾರಿಗೆ ಕಲ್ಲು ಒಡೆಯಲು ಹೋಗುತ್ತಿದ್ದರಂತೆ. ಈಗ ಆ ಸೀಮೆಯಲ್ಲಿ ಕಾಲುವೆ ನೀರು ಬಂದು ದ್ರಾಕ್ಷಿ ತೋಟಗಳೆದ್ದಿವೆ. ಬಸ್ಸಿನ ಕಿಟಕಿಯಿಂದ ನೋಡಿದರೆ ಅಲ್ಲಿ ಎಂದಾದರೂ ಬರವಿತ್ತೆಂದು ನಂಬುವುದು ಕಷ್ಟ. ಹಗಲೆಲ್ಲ ಕಲ್ಲೊಡೆದು ಬಂದ ಕೈಯಲ್ಲಿ ರಾತ್ರಿ ಬುಡ್ಡಿ ದೀಪಕ್ಕೆ ಹೊಲಿದದ್ದು ಆ ಕೌದಿ. ಮುಂದೆ ಮುತ್ಯಾಗೆ ಶಹರದಲ್ಲಿ ಕೆಲಸ ಸಿಕ್ಕು ಪೇಟೆಗೆ ಬಂದಮೇಲೆ, ಕೈಯಲ್ಲಿ ನಾಲ್ಕು ಕಾಸು ಕೂಡಿದ ಕೂಡಲೇ ಆಯಿ ಮಾಡಿದ ಮೊದಲ ಕೆಲಸ ಎರಡು ಸೋಲಾಪುರ ಚಾದರ ಕೊಂಡದ್ದು. ಕೌದಿಗಳು ಅಟ್ಟಕ್ಕೆ ಹೋದವು. ನನ್ನ ಪ್ರಬಂಧದಲ್ಲಿ ಇದು ಇರಲಿಲ್ಲ. ಇದ್ದಿದ್ದರೆ ನನ್ನ ವಾದ ಅಲ್ಲೇ ಕುಸಿಯುತ್ತಿತ್ತು: ಅಷ್ಟು ಸುಖದ ಕೆಲಸವನ್ನು ಯಾರಾದರೂ ಎರಡು ಚಾದರಕ್ಕೆ ಬಿಟ್ಟುಕೊಡುತ್ತಾರೆಯೆ?

ನಾನು ಸೂಜಿ ಹಿಡಿದದ್ದು ಎರಡು ವರ್ಷದ ಹಿಂದೆ. ವಿಷಯ ಗೊತ್ತಾಗಬೇಕಾದರೆ ಕೈ ಆಡಿಸಬೇಕು ಎಂದು ನೆಪ ಹೇಳುತ್ತಿದ್ದೆ. ನಿಜವೆಂದರೆ ಪ್ರಬಂಧದ ಎರಡನೆಯ ಅಧ್ಯಾಯ ಮುಂದೆ ಹೋಗುತ್ತಿರಲಿಲ್ಲ, ಹೊಲಿಗೆ ಹೋಗುತ್ತಿತ್ತು. ಬರೆದದ್ದನ್ನು ಮರುದಿನ ಓದಿದರೆ ಅಳಿಸಬೇಕೆನಿಸುತ್ತದೆ. ನಿನ್ನೆ ಹಾಕಿದ ಒಂದು ಮೊಳದ ಹೊಲಿಗೆ ಇವತ್ತೂ ಒಂದು ಮೊಳವೇ ಇರುತ್ತದೆ. ಆ ಸುಖದ ಬಗ್ಗೆ ನಾನು ಸುಳ್ಳು ಹೇಳಲಾರೆ. ಸೂಜಿ ನಾಲ್ಕು ಪದರು ದಾಟುವಾಗ ಬೆರಳಿಗೆ ತಾಕುವ ಒತ್ತು, ದಾರ ಎಳೆದಾಗ ಅರಿವೆ ಸಣ್ಣಗೆ ಮುದುರುವುದು, ಸಾಲು ಸಾಲಾಗಿ ಏಳುವ ಆ ನೆರಿಗೆ. ಹೊಲಿಯುವಾಗ ತಲೆ ಖಾಲಿಯಾಗುವುದಿಲ್ಲ, ಗದ್ದಲ ಮಾತ್ರ ನಿಲ್ಲುತ್ತದೆ. ಆದರೆ ನಾನು ಬೇಕೆಂದಾಗ ಹೊಲಿಯುತ್ತೇನೆ, ಬೇಡವೆಂದಾಗ ಎತ್ತಿಡುತ್ತೇನೆ. ನಾನು ಹೊಲಿಯದಿದ್ದರೆ ನಮ್ಮ ಮನೆಯಲ್ಲಿ ಯಾರಿಗೂ ಚಳಿಯಾಗುವುದಿಲ್ಲ.

ನಡುವಿನ ತಲೆಮಾರಿನ ಅವ್ವನದು ಬೇರೆಯೇ ಕಥೆ. ಆಕೆ ಕಲಿತದ್ದು ಕ್ರೋಶಾ ಮತ್ತು ಸ್ವೆಟರ್ ಹೆಣಿಕೆ. ನಮ್ಮ ಮನೆಯಲ್ಲಿ ಟಿವಿಯ ಮೇಲೆ, ಬಾಗಿಲಿಗೆ, ದೇವರ ಜಗುಲಿಗೆ, ಒಂದು ಕಾಲಕ್ಕೆ ಟೆಲಿಫೋನಿಗೂ ಕ್ರೋಶಾದ ಹೊದಿಕೆಯಿತ್ತು. (ಟೆಲಿಫೋನಿಗೆ ಯಾಕೆ ಚಳಿಯಾಗುತ್ತದೆ ಎಂದು ಅಪ್ಪ ಚೇಷ್ಟೆ ಮಾಡುತ್ತಿದ್ದ.) ಹೆಣ್ಣು ನೋಡಲು ಬಂದವರು "ಹೆಣಿಕಿ ಬರತೈತೇನು?" ಅಂತ ಕೇಳುತ್ತಿದ್ದ ಕಾಲ ಅದು. ಅವ್ವ ತನ್ನ ಬಿಳಿ ತೋರಣ ಬಿಚ್ಚಿ ತೋರಿಸಬೇಕಾಗಿತ್ತು. ಅಂದರೆ ಅದೂ ಪೂರ್ತಿ ಆಕೆಯ ಖುಷಿಯ ಕೆಲಸವಲ್ಲ, ಒಂದು ಬಗೆಯ ಪರೀಕ್ಷೆ. ಆದರೂ ಮದುವೆಯಾಗಿ ಮೂವತ್ತು ವರ್ಷವಾದ ಮೇಲೂ, ಯಾರೂ ಪರೀಕ್ಷೆ ಮಾಡದಿರುವಾಗಲೂ, ಓಣಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಆಕೆ ಉಣ್ಣೆಯ ಟೊಪ್ಪಿಗೆ ಹೆಣೆಯುತ್ತಾಳೆ.

ತತ್ವಶಾಸ್ತ್ರದಲ್ಲಿ ಇದಕ್ಕೆ ಉತ್ತರ ಹುಡುಕಿದೆ, ಅದು ನನ್ನ ಚಾಳಿ. 1790ರಲ್ಲಿ ಬಂದ ತನ್ನ ಮೂರನೆಯ 'ಕ್ರಿಟಿಕ್'ನ 43ನೆಯ ವಿಭಾಗದಲ್ಲಿ ಇಮ್ಯಾನ್ಯುಯೆಲ್ ಕಾಂಟ್ ಕಲೆಗೂ ಕಸುಬಿಗೂ ಗೆರೆ ಎಳೆಯುತ್ತಾನೆ. ಕಲೆ ಮುಕ್ತ, ಆಟದಂತೆ ತನ್ನಷ್ಟಕ್ಕೆ ಹಿತವಾದದ್ದು. ಕಸುಬು ದುಡಿಮೆ, ತನ್ನಷ್ಟಕ್ಕೆ ಅಹಿತ. ಕೂಲಿಯಂಥ ಫಲಕ್ಕಾಗಿ ಮಾತ್ರ ಅದು ಆಕರ್ಷಕ, ಹಾಗಾಗಿ ಬಲವಂತದಿಂದಲೂ ಮಾಡಿಸಬಹುದು. ಓದುವಾಗ ನನಗೆ ಕಾಡಿದ್ದು ಆಯಿಯನ್ನು ಯಾವ ಕಡೆ ಕೂರಿಸಲಿ ಎಂಬುದು. ಆಕೆ ಮುಕ್ತಳಾಗಿ ಹೊಲಿಯಲಿಲ್ಲ, ಥಂಡಿ ಹೊಲಿಸಿತು. ಕೂಲಿಗೂ ಹೊಲಿಯಲಿಲ್ಲ, ಯಾರೂ ಆಕೆಗೆ ಒಂದು ಆಣೆ ಕೊಡಲಿಲ್ಲ. ಕೂಲಿಯಿಲ್ಲದ, ಆಟವೂ ಅಲ್ಲದ ಕೆಲಸವೊಂದು ಲೋಕದ ಅರ್ಧದಷ್ಟು ಮನುಷ್ಯರ ದಿನವನ್ನೆಲ್ಲ ತಿನ್ನುತ್ತಿತ್ತು ಎಂಬುದು ಆ ವಿಂಗಡಣೆಯಲ್ಲಿ ಕಾಣುವುದೇ ಇಲ್ಲ. ಕೂಲಿಗೆ ಕೌದಿ ಹೊಲಿಯುವವರೂ ನಮ್ಮಲ್ಲಿದ್ದಾರೆ. ಊರೂರು ತಿರುಗುವ ಅಲೆಮಾರಿ ಸಮುದಾಯಗಳ ಹೆಣ್ಣುಮಕ್ಕಳು ಕಟ್ಟೆಯ ಮೇಲೆ ಕೂತು ಹೊಲಿದುಕೊಟ್ಟು ಹೋಗುತ್ತಾರೆ. ಅಂಥ ಒಬ್ಬಾಕೆಯನ್ನು ಕೇಳಿದಾಗ ಆಕೆ ಹೇಳಿದ್ದು ರೊಕ್ಕದ ಲೆಕ್ಕವೊಂದೇ. ಆದರೆ ಮಾತು ಮುಗಿಸಿ ಏಳುವಾಗ, ನಮ್ಮ ಮನೆಯ ಕೌದಿಯ ಮೂಲೆಯನ್ನು ತಿರುವಿ ನೋಡಿ "ಇದನ್ನ ಹೊಲದಾಕಿ ಕೈ ಛಲೋ ಐತಿ" ಅಂದಳು.

ವಿಲಿಯಂ ಮಾರಿಸ್ ಈ ವಿಷಯದಲ್ಲಿ ಕಾಂಟನಿಗಿಂತ ಹತ್ತಿರ ಬರುತ್ತಾನೆ. 1884ರ ಒಂದು ಉಪನ್ಯಾಸದಲ್ಲಿ ಆತ, ಮಾಡಲು ಯೋಗ್ಯವಾದ ಕೆಲಸದಲ್ಲಿ ಮೂರು ಭರವಸೆ ಇರಬೇಕು ಅಂದ: ವಿಶ್ರಾಂತಿಯದು, ಫಲದ್ದು, ಕೆಲಸದೊಳಗಿನ ಸುಖದ್ದು. ಆಯಿಗೆ ಮೊದಲನೆಯದು ಇರಲಿಲ್ಲ, ಎರಡನೆಯದು ಖಂಡಿತ ಇತ್ತು. ಮೂರನೆಯದು ಇತ್ತೋ ಇಲ್ಲವೋ ಎಂಬುದೇ ನಮ್ಮಿಬ್ಬರ ಜಗಳ.

ನನ್ನ ಮುಖಕ್ಕೆ ಕನ್ನಡಿ ಹಿಡಿದದ್ದು ಮಾತ್ರ ಒಂದು ಕಥೆ. ಆಲಿಸ್ ವಾಕರ್ 1973ರಲ್ಲಿ ಪ್ರಕಟಿಸಿದ 'ಎವೆರಿಡೇ ಯೂಸ್' ನಮ್ಮಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ ಅನೇಕರಿಗೆ ಪರಿಚಿತ. ಓದಿ ಶಹರ ಸೇರಿದ ಮಗಳು ಡೀ ಹಳ್ಳಿಯ ಮನೆಗೆ ಬಂದು, ಅಜ್ಜಿಯ ಅಂಗಿಯ ಚೂರುಗಳಿರುವ ಎರಡು ಕೌದಿಗಳನ್ನು ಕೇಳುತ್ತಾಳೆ. ಅವನ್ನು ಗೋಡೆಗೆ ತೂಗುಹಾಕಬೇಕು ಆಕೆಗೆ. ಊರಲ್ಲೇ ಉಳಿದ ತಂಗಿ ಮ್ಯಾಗಿಗೆ ಕೊಟ್ಟರೆ ದಿನಾ ಹೊದ್ದು ಹಾಳುಮಾಡುತ್ತಾಳೆ ಎಂಬುದು ಆಕೆಯ ತಕರಾರು. ತಾಯಿ ಅವನ್ನು ಕಿತ್ತುಕೊಂಡು ಮ್ಯಾಗಿಯ ಮಡಿಲಿಗೆ ಹಾಕುತ್ತಾಳೆ. ಬಿ.ಎ.ಯಲ್ಲಿ ಈ ಕಥೆ ಓದಿದಾಗ ಡೀ ಬಗ್ಗೆ ನಾವೆಲ್ಲ ನಕ್ಕಿದ್ದೆವು. ಸಂಕಿರಣದ ಗಲಾಟೆಯ ನಂತರ ಮತ್ತೆ ಓದಿದಾಗ, ಮರೆತಿದ್ದ ಒಂದು ಸಂಗತಿ ಕಣ್ಣಿಗೆ ಬಿತ್ತು: ಮನೆಗೆ ಬಂದವಳೇ ಡೀ ಮೊದಲು ಮಾಡುವುದು ಪೋಲರಾಯ್ಡ್ ಕ್ಯಾಮೆರಾ ತೆಗೆದು ತಾಯಿಯ ಫೋಟೊ ಹಿಡಿಯುವುದು, ಹಿಂದಿನ ಬಡಮನೆ ಚೌಕಟ್ಟಿನೊಳಗೆ ಬರುವಂತೆ ನೋಡಿಕೊಂಡು. ಪುಸ್ತಕ ಮುಚ್ಚಿಟ್ಟೆ.

ಹಾಗಾದರೆ ನಾನು ಬಾಯಿ ಮುಚ್ಚಿಕೊಂಡು, ಕೌದಿಯೆಂದರೆ ಬಡತನ, ಅದರಲ್ಲಿ ಸುಖವಿಲ್ಲ, ಕಲೆಯಿಲ್ಲ ಎಂದು ತಿದ್ದಿಕೊಂಡರೆ ಸರಿಹೋಗುತ್ತದೆಯೆ? ಕೆಲವು ವಾರ ಹಾಗೇ ಅಂದುಕೊಂಡಿದ್ದೆ. ಆದರೆ ಇದರಲ್ಲೂ ಒಂದು ಅವಮಾನವಿದೆ. ಉಳ್ಳವರಿಗೆ ಮಾತ್ರ ಚೆಂದ ಬೇಕು, ಇಲ್ಲದವರಿಗೆ ಬೆಚ್ಚಗಿದ್ದರೆ ಸಾಕು ಎಂದಂತಾಗುತ್ತದೆ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಣ್ಣುಮಕ್ಕಳು ತಮ್ಮ ಕೌದಿಯ ಮೂಲೆಗಳಲ್ಲಿ ಬಟ್ಟೆಯನ್ನು ಮುಕ್ಕೋನವಾಗಿ ಮಡಚಿ ಕೂರಿಸುತ್ತಾರೆ, ಅದಕ್ಕೆ 'ಫೂಲ' ಅನ್ನುತ್ತಾರೆ, ಅಂದರೆ ಹೂವು. ಆ ಹೂವಿನಿಂದ ಬೆಚ್ಚಗೇನೂ ಹೆಚ್ಚಾಗುವುದಿಲ್ಲ. ಅದಕ್ಕೆ ಅರಿವೆ ಬೇಕು, ದಾರ ಬೇಕು, ಹೊತ್ತು ಬೇಕು. ಯಾವುದೂ ಹೆಚ್ಚಾಗಿ ಇಲ್ಲದ ಮನೆಯಲ್ಲಿ ಆ ಹೂವು ಹೇಗೆ ಬಂತು?

ಜನವರಿಯ ಒಂದು ಮಧ್ಯಾಹ್ನ ಹೊಸ ಕೌದಿ ಹಾಸಿಕೊಂಡು ಕೂತಿದ್ದೆ. ಆಯಿ ಅಂಗಳದಲ್ಲಿ ಬಿಸಿಲು ಕಾಯಿಸುತ್ತಿದ್ದವಳು ಒಳಗೆ ಬಂದು, ಬಗ್ಗಿ, ಬೆರಳಿನಿಂದ ನನ್ನ ಸಾಲನ್ನು ತಡವಿ ನೋಡಿದಳು. ಆಕೆಯ ಕಣ್ಣು ಮಂಜಾಗಿ ನಾಲ್ಕು ವರ್ಷವಾಯಿತು, ಬೆರಳೇ ಕಣ್ಣು.

"ಬಿಚ್ಚು ಇದನ್ನ."

"ಯಾಕ ಆಯಿ?"

"ಟಾಕಿ ಒಂದ ಉದ್ದ, ಒಂದ ಗಿಡ್ಡ. ಮತ್ತ ಕೆಂಪಿನ ಮಗ್ಗಲಕ್ಕ ಕೆಂಪು ಇಟ್ಟಿದಿ, ನನಗ ಅಷ್ಟರ ಕಾಣತೈತಿ."

ನನಗೂ ಒಳಗೊಳಗೆ ಸಿಟ್ಟಿತ್ತು. "ಥಂಡಿಗೆ ಕೆಂಪಾದರೇನು, ಹಸಿರಾದರೇನು? ನೀನ ಅಂದಿಯಲ್ಲ, ಬೆಚ್ಚಗಿದ್ರ ಸಾಕು ಅಂತ."

"ಸಾಕು ಅಂತ ಯಾವಾಗ ಅಂದಿನಿ? ಹೊಲಿಯೂದ ಐತಿ ಅಂದಮ್ಯಾಲ ಚಂದಂಗ ಹೊಲೀಬೇಕು. ಚಂದಕ್ಕೇನ ರೊಕ್ಕ ಬೀಳತೈತೇನು?"

"ಹಂಗಾರ ನಿನಗ ಖುಷಿ ಆಗತಿತ್ತು ಅನ್ನು."

"ಖುಷಿ!" ಆಯಿ ನಕ್ಕಳು. "ಸೊಂಟ ಹಿಡೀತಿತ್ತು ಬೇ."

ನಾನು ಎರಡು ಸಾಲು ಬಿಚ್ಚಿದೆ. ಆಕೆಯ ಮಾತನ್ನು ನನ್ನ ವಾದಕ್ಕೆ ಪುರಾವೆ ಮಾಡಿಕೊಳ್ಳಬೇಕೆಂಬ ಆಸೆ ಅಂದೇ ಹುಟ್ಟಿತು, ಸುಳ್ಳೇಕೆ. ಹೊಲಿಯುವುದು, ಬಿಡುವುದು ಆಕೆಯ ಕೈಯಲ್ಲಿರಲಿಲ್ಲ. ಯಾವ ತ್ಯಾಪೆಯ ಪಕ್ಕ ಯಾವುದು, ಟಾಕಿ ಎಷ್ಟು ಸಣ್ಣದು ಎಂಬುದು ಮಾತ್ರ ಆಕೆಯದೇ ಆಗಿತ್ತು. ಅಷ್ಟು ಜಾಗದಲ್ಲಿ ಆಕೆ ಯಾರ ಮಾತನ್ನೂ ಕೇಳಬೇಕಾಗಿರಲಿಲ್ಲ. ಆದರೆ ಅದನ್ನು ಆಕೆ 'ಖುಷಿ' ಅನ್ನಲು ಒಪ್ಪುವುದಿಲ್ಲ. ಒಪ್ಪದ ಮೇಲೆ ಆ ಪದವನ್ನು ಆಕೆಯ ಕೌದಿಗೆ ನಾನು ಹೊಲಿದು ಕೂರಿಸುವುದು, ಆಕೆ ಮಲಗಿದ್ದಾಗ ಫೋಟೊ ತೆಗೆದದ್ದಕ್ಕಿಂತ ಏನು ಬೇರೆ? ಆಕೆಯ ಮಾತಿನಲ್ಲಿ ಇದ್ದದ್ದು 'ಚಂದ'. ನಾನು ಎರಡನ್ನೂ ಒಂದೇ ಅಂದುಕೊಂಡಿದ್ದೆ. ಸೊಂಟ ಹಿಡಿದಿರುವಾಗಲೂ ಚಂದ ಮಾಡಬಹುದು, ಚಂದ ಮಾಡುವಾಗಲೂ ಸೊಂಟ ಹಿಡಿದೇ ಇರುತ್ತದೆ.

ನಾನು ಬಿಚ್ಚುತ್ತಿರುವಾಗ ಆಯಿ ಇನ್ನೊಂದು ಕೇಳಿದಳು, ಸಹಜವಾಗಿ, ಯಾವ ಊರಿನ ಬಸ್ಸು ಎಂದು ಕೇಳುವಂತೆ.

"ಇದು ಯಾರಿಗೆ ಹೊದಿಸಾಕ?"

ನನ್ನ ಹತ್ತಿರ ಹೆಸರಿರಲಿಲ್ಲ. ಹೊಲಿಯಬೇಕು ಅನ್ನಿಸಿತ್ತು, ಹೊಲಿಯುತ್ತಿದ್ದೆ. "ಯಾರಿಗಿಲ್ಲ, ಸುಮ್ನ" ಅಂದೆ. ಆಯಿ ಏನೋ ತಪ್ಪು ಕೇಳಿಸಿತೆಂಬಂತೆ ನನ್ನ ಕಡೆ ತಿರುಗಿ, "ಸುಮ್ಮಕ ಕೌದಿ ಹೊಲೀತಾರೇನು?" ಅಂದಳು. ಚೆಲುವು ಅಂದರೆ ಯಾವ ಉದ್ದೇಶವೂ ಇಲ್ಲದೆ ಉದ್ದೇಶವಿರುವಂತೆ ಕಾಣುವ ರೂಪ ಎಂದವನೂ ಅದೇ ಕಾಂಟ್. ಆ ಲೆಕ್ಕದಲ್ಲಿ ನನ್ನದೇ ಶುದ್ಧ ಕಲೆ. ಆಯಿಯ ಲೆಕ್ಕದಲ್ಲಿ ನನ್ನದು ಕೌದಿಯೇ ಅಲ್ಲ. ಆಕೆಯ ಪ್ರತಿಯೊಂದು ಕೌದಿಗೂ ಒಂದು ಮೈ ಇತ್ತು: ಇದು ನಿಮ್ಮವ್ವಂದು, ಇದು ನಿಮ್ಮ ಸಣ್ಣ ಮಾಮಾಂದು, ಇದು ಬಾಣಂತಿತನಕ್ಕೆ ಬಂದ ನಾದಿನಿಯದು.

ಬಸವಣ್ಣ ಹುಟ್ಟಿದ ಬಾಗೇವಾಡಿ ಇರುವುದು ನಮ್ಮ ಜಿಲ್ಲೆಯಲ್ಲೇ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬಾತನಿದ್ದ, ಹೆಸರಿನಲ್ಲೇ ಸೂಜಿ. ಆದರೆ ಆಯಿಯ ಪ್ರಶ್ನೆ ಕೇಳಿದಾಗ ನನಗೆ ನೆನಪಾದದ್ದು ಆಯ್ದಕ್ಕಿ ಲಕ್ಕಮ್ಮ. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ನಡೆಸುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಆತ ಹೆಚ್ಚು ಅಕ್ಕಿ ತಂದಾಗ ಆಕೆ ಅದನ್ನು ಹಿಂದಕ್ಕೆ ಹಾಕಿ ಬಾ ಎಂದು ಕಳಿಸಿದ ಕಥೆ ಎಲ್ಲರಿಗೂ ಗೊತ್ತು. ಆಯ್ದ ಅಕ್ಕಿ, ಆಯ್ದ ಅರಿವೆ. ಆಯುವುದರಲ್ಲಿ ಮಾರಯ್ಯನಿಗೆ ಸುಖವಿತ್ತೇ ಎಂದು ಆ ಕಥೆಯಲ್ಲಿ ಯಾರೂ ಕೇಳುವುದಿಲ್ಲ. ಯಾರ ಎಲೆಗೆ, ಎಷ್ಟು ಎಂಬುದೇ ಅಲ್ಲಿನ ಮಾತು. ಇಷ್ಟಾದರೂ ಸುಖದ ಪ್ರಶ್ನೆಯನ್ನು ಪೂರ್ತಿ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ಹೊದೆಯುವವರು ಯಾರೆಂದು ಕೇಳಿ ಕೇಳಿಯೇ ಹೊಲಿಯುವವರ ಸೊಂಟವನ್ನು ಮರೆತದ್ದೂ ನಮ್ಮ ಮನೆಗಳೇ.

ಫೆಬ್ರುವರಿಯಲ್ಲಿ ಆ ಅಧ್ಯಾಯದಿಂದ ಆರೂ ಫೋಟೊ ತೆಗೆದೆ. ಮಾರ್ಗದರ್ಶಕರಿಗೆ ಸರಿಬರಲಿಲ್ಲ. ಫೋಟೊ ಇಲ್ಲದೆ ವಾದಕ್ಕೆ ಆಧಾರವೆಲ್ಲಿ ಅಂದರು, ಅವರ ಮಾತಿನಲ್ಲಿ ತಪ್ಪೇನಿಲ್ಲ. 'ಆನಂದ'ವನ್ನೂ ಹದಿನಾಲ್ಕು ಕಡೆ ತೆಗೆದು ನೋಡಿದೆ, ಹನ್ನೊಂದು ಕಡೆ ವಾಕ್ಯ ಹಾಗೇ ನಿಂತಿತು, ಮೂರು ಕಡೆ ಬಿದ್ದುಹೋಯಿತು. ಆ ಮೂರು ಜಾಗ ಇನ್ನೂ ಖಾಲಿ ಇವೆ. ಈ ಬರಹದ ಬಗ್ಗೆ ಈ ಸಲ ಮೊದಲೇ ಕೇಳಿದೆ. "ಬರಿ. ಹೆಸರು ಹಾಕಬ್ಯಾಡ, ಒಳಮೈ ತೋರಿಸಬ್ಯಾಡ" ಅಂದಳು. ಪರಕರದ ವಿಷಯ ಬರೆಯಲೇ ಅಂದದ್ದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಈಗೇನು, ಬರಿ" ಅಂದಳು.

ಈಗ ಮಾರ್ಚ್. ಬಿಜಾಪುರದ ಬಿಸಿಲು ಏರಿದೆ. ಇನ್ನು ಮಳೆಗಾಲದ ತನಕ ಮಂದಿ ಮಾಳಿಗೆಯ ಮೇಲೆ ಮಲಗುತ್ತಾರೆ, ಕೌದಿಯ ಹೆಸರೆತ್ತಿದರೇ ಬೆವರು ಬರುತ್ತದೆ. ಓಣಿಯ ಕೊನೆಯ ಮನೆಯ ಸೊಸೆಗೆ ಏಳು ತಿಂಗಳು ಎಂದು ಅವ್ವ ಹೇಳಿದಾಗಿನಿಂದ ನನ್ನ ಕೌದಿಗೆ ಒಂದು ಮೈ ಸಿಕ್ಕಿದೆ. ಅಷ್ಟಗಲದ್ದು ಕೂಸಿಗೆ ಯಾಕೆ ಎಂದು ಕತ್ತರಿಸಿ ಸಣ್ಣದು ಮಾಡಿದ್ದೂ ಆಯಿತು. ಹದಿನೈದು ದಿನ ಗ್ರಂಥಾಲಯದ ಕೆಲಸಕ್ಕೆ ಧಾರವಾಡಕ್ಕೆ ಹೋಗಿ ಬಂದು ಹಾಸಿ ನೋಡಿದರೆ, ಬಿಟ್ಟು ಹೋದದ್ದಕ್ಕಿಂತ ನಾಲ್ಕು ಸಾಲು ಹೆಚ್ಚಿತ್ತು. ಟಾಕಿಗಳು ಜೋಳದ ಕಾಳಿನಷ್ಟು, ಎಲ್ಲವೂ ಒಂದೇ ಅಳತೆ. ಒಂದು ಕೆಂಪು ತ್ಯಾಪೆ ತನ್ನ ಜಾಗದಲ್ಲಿರಲಿಲ್ಲ, ಅಲ್ಲಿ ಹಸಿರು ಖಣದ ಚೂರು ಕೂತಿತ್ತು.

"ಆಯಿ, ನಾ ಇಲ್ಲದಾಗ ಹೊಲದಿಯೇನು?"

"ನಾ ಯಾಕ ಹೊಲೀಲಿ, ನನಗೇನು ಬ್ಯಾರೆ ಕೆಲಸಿಲ್ಲೇನು?" ಅಂದು ಆಕೆ ತಲೆಬಾಗಿಲಿಗೆ ಹೋಗಿ ಕೂತಳು.

ಅವ್ವ ಒಲೆಯ ಮುಂದಿನಿಂದಲೇ ಹೇಳಿದಳು: ದಿನಾ ಮುಂಜಾನೆ ಹತ್ತು ಸೂಜಿಗೆ ದಾರ ಪೋಣಿಸಿ ಇಟ್ಟು ಹೋಗು ಅಂತಾಳ.